ಹುಳಕ್ಕಿರುವ ಕಾಳಜಿ ಆಳಿಗೇಕಿಲ್ಲ?



ಹಿಂದೂಪುರದ ಸುತ್ತಮುತ್ತ ರೇಷ್ಮೆಹುಳ ಸಾಕುವ ಮನೆಯ ಕಟ್ಟುಪಾಡು ಎಷ್ಟು ಬಿಗಿಯೆಂಬುದು ನಿಮಗೆಲ್ಲ ಗೊತ್ತು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಹಿಪ್ಪುನೇರಳೆ ಗಿಡಕ್ಕೆ ಔಷಧಿ ಹೊಡೆದಿದ್ದರೆ ಹತ್ತು ಹದಿನೈದು ದಿನ ಆ ಸೊಪ್ಪನ್ನು ಹುಳಕ್ಕೆ ಹಾಕುವುದಿಲ್ಲ. ಪಕ್ಕದ ಹೊಲದವನು ಟೊಮೇಟೊ ಗಿಡಕ್ಕೆ ಹೊಡೆಯಲು ಬಂದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ, "ಇವತ್ತು ಬೇಡಪ್ಪ, ನಮ್ಮ ಹುಳ ಈಗಷ್ಟೇ ಜ್ವರ ಎದ್ದಿದೆ" ಎಂದು ಬೇಡಿಕೊಳ್ಳುತ್ತಾರೆ. ಕೇಳದಿದ್ದರೆ ಜಗಳಕ್ಕೂ ನಿಲ್ಲುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹುಳ ಸತ್ತರೆ ಗೂಡಿಲ್ಲ, ಗೂಡಿಲ್ಲದಿದ್ದರೆ ಮನೆಗೆ ದುಡ್ಡಿಲ್ಲ.

ಈಗ ಕಲ್ಯಾಣದುರ್ಗದ ಕಡೆಯ ಒಂದು ಚೀನಿಕಾಯಿ ತೋಟಕ್ಕೋ ದಾಳಿಂಬೆ ತೋಟಕ್ಕೋ ಬನ್ನಿ. ಬೆಳಗ್ಗೆ ಔಷಧಿ ಹೊಡೆದ ಸಾಲಿನಲ್ಲಿಯೇ ಮಧ್ಯಾಹ್ನ ಹೆಂಗಸರು ಕಳೆ ಕೀಳುತ್ತಿರುತ್ತಾರೆ. ಎಲೆಯ ಮೇಲಿನ ತೇವ ಇನ್ನೂ ಆರಿರುವುದಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಯಾರೂ ನೋಡುವುದಿಲ್ಲ. ಬಸುರಿ ಹೆಂಗಸು ಡ್ರಮ್ಮಿಗೆ ನೀರು ಹೊತ್ತು ತಂದು ಹುಯ್ಯುತ್ತಾಳೆ. ಹುಳಕ್ಕೆ ಹದಿನೈದು ದಿನ. ಆಳಿಗೆ ಅರ್ಧ ದಿನವೂ ಇಲ್ಲ! ಇಷ್ಟೇಕೆ, ಆ ಹುಳದ ಮನೆಯನ್ನು ಫಾರ್ಮಲಿನ್ ಹೊಡೆದು ಶುದ್ಧಿಮಾಡುವ ಹೆಂಗಸಿನ ಕಣ್ಣು ಉರಿದರೆ, ಗಂಟಲು ಕಟ್ಟಿದರೆ ಅದನ್ನು ಕೇಳುವವರಿಲ್ಲ. ಹುಳದ ಆರೋಗ್ಯಕ್ಕಾಗಿ ಮನುಷ್ಯಳ ಆರೋಗ್ಯ!

ಇದು ಅಜ್ಞಾನದಿಂದ ಆದದ್ದೇ? ಅಲ್ಲ. ಗಾಳಿಯ ದಿಕ್ಕನ್ನು ನೋಡಬೇಕು, ವಿಷ ಆರುವವರೆಗೆ ಕಾಯಬೇಕು, ದೂರ ಇರಿಸಬೇಕು ಎಂಬುದೆಲ್ಲ ನಮ್ಮ ಸೀಮೆಯ ಪ್ರತಿಯೊಬ್ಬ ರೈತನಿಗೂ ಗೊತ್ತು. ಹುಳದ ವಿಷಯದಲ್ಲಿ ಗೊತ್ತಿರುವುದು ಆಳಿನ ವಿಷಯದಲ್ಲಿ ಮರೆತುಹೋಗುತ್ತದೆ. ಹುಳ ಸತ್ತರೆ ನಷ್ಟ ಮಾಲೀಕನದು. ಆಳು ಕಾಯಿಲೆ ಬಿದ್ದರೆ ನಷ್ಟ ಆಳಿನದು. ಇಷ್ಟೇ ವ್ಯತ್ಯಾಸ. ಆದ್ದರಿಂದ ಈ ಲೇಖನದಲ್ಲಿ ನಾವು ಹೇಳಬೇಕಾದ ಮಾತು ಒಂದೇ: ಕೆಲಸದ ಅಪಾಯವನ್ನು ತೆಗೆಯಬೇಕಾದವನು ಅದನ್ನು ತೋಟದೊಳಗೆ ತಂದವನು; ಅದರಡಿ ನಿಂತು ದುಡಿಯುವವನಲ್ಲ.

ಹೆಸರಿನಲ್ಲೇ ಮೋಸ

ಮೊದಲನೆಯ ಮೋಸ ಹೆಸರಿನಲ್ಲಿದೆ. ನಾವು ಅದನ್ನು ಔಷಧಿ ಎನ್ನುತ್ತೇವೆ, ಮದ್ದು ಎನ್ನುತ್ತೇವೆ. ಮಗುವಿಗೆ ಜ್ವರ ಬಂದಾಗ ಕೊಡುವುದಕ್ಕೂ ಅದೇ ಹೆಸರು, ಹುಳ ಕೊಲ್ಲಲು ಹೊಡೆಯುವುದಕ್ಕೂ ಅದೇ ಹೆಸರು. ಔಷಧಿ ಎಂದ ಕೂಡಲೇ ಅರ್ಧ ಭಯ ಹೋಗುತ್ತದೆ. ಅದು ವಿಷ. ವಿಷವೆಂದೇ ಕರೆಯೋಣ. ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಎಂದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. 1968ರ ಕೀಟನಾಶಕ ಕಾಯ್ದೆಯಡಿ ಈ ಗುರುತು ಹಾಕಬೇಕೆಂದು ನಿಯಮವಿದೆ. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ. ಆದರೆ ಹಸಿರು ಎಂದ ಮಾತ್ರಕ್ಕೆ ಅದು ಮಜ್ಜಿಗೆಯಲ್ಲ.

ವಿಷ ಮೈಯೊಳಗೆ ಹೇಗೆ ಹೋಗುತ್ತದೆ? ಬಾಯಿಂದ, ಮೂಗಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಸಿಂಪಡಿಸುವವನ ಮೈಯೊಳಗೆ ಹೆಚ್ಚಾಗಿ ಹೋಗುವುದು ಚರ್ಮದ ಮೂಲಕ. ಬೆನ್ನಿಗೆ ಕಟ್ಟಿದ ಪಂಪು ಸೋರಿ ಬೆನ್ನು ನೆನೆಯುತ್ತದೆ, ಚಡ್ಡಿ ನೆನೆಯುತ್ತದೆ. ತೊಡೆಸಂದಿನ ತೆಳು ಚರ್ಮ ಬೇಗ ಹೀರಿಕೊಳ್ಳುತ್ತದೆ. ಬಿಸಿಲಿಗೆ ಬೆವರಿದ ಮೈ ಇನ್ನೂ ಬೇಗ ಹೀರುತ್ತದೆ. ಎಲ್ಲಕ್ಕಿಂತ ಅಪಾಯದ ಗಳಿಗೆ ನೀರು ಬೆರೆಸುವ ಮುಂಚಿನದು, ಡಬ್ಬದ ಗಟ್ಟಿ ವಿಷವನ್ನು ಮುಚ್ಚಳದಲ್ಲಿ ಅಳೆದು ಹುಯ್ಯುವ ಗಳಿಗೆ. ಆ ಕೆಲಸವನ್ನು ಎಷ್ಟೋ ಕಡೆ ಬರಿಗೈಯಲ್ಲಿ, ಕೋಲು ಸಿಗದಿದ್ದರೆ ಕೈಯಿಂದಲೇ ಕಲಸಿ ಮಾಡುತ್ತಾರೆ. ಆಮೇಲೆ ಆ ಬಟ್ಟೆ ಮನೆಗೆ ಬರುತ್ತದೆ. ಮಕ್ಕಳ ಬಟ್ಟೆಯ ಜೊತೆಯಲ್ಲಿ ಹೆಂಡತಿ ಅದನ್ನು ಒಗೆಯುತ್ತಾಳೆ. ಹೀಗೆ ಪಂಪು ಮುಟ್ಟದವಳ ಮೈಗೂ ವಿಷ ಮುಟ್ಟುತ್ತದೆ.

ಖಾಲಿ ಡಬ್ಬವೂ ಖಾಲಿಯಲ್ಲ. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. ತೋಟದಿಂದ ತಂದ ಡಬ್ಬದಲ್ಲಿ ನೀರು, ಎಣ್ಣೆ, ಬೇಳೆ ತುಂಬಿಡುವ ಅಮ್ಮಂದಿರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ವಿಷ ಏರಿದಾಗ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಬೆವರು ನಿಲ್ಲುವುದಿಲ್ಲ, ಕಣ್ಣು ಮಂಜಾಗುತ್ತದೆ, ಎದೆ ಬಿಗಿಯುತ್ತದೆ. ಬಿಸಿಲಿನ ಬಳಲಿಕೆ ಎಂದು ಮರದಡಿ ಮಲಗಿಸಬೇಡಿ. "ಬೆಲ್ಲ ತಿನ್ನು, ಹಾಲು ಕುಡಿ, ಇಳಿದುಹೋಗುತ್ತೆ" ಎನ್ನುವ ಮೇಸ್ತ್ರಿಯ ಮಾತು ಕೇಳಬೇಡಿ. ಹಿಂದೂಪುರದ ಬೆಲ್ಲ ಎಷ್ಟು ಹೆಸರಾದದ್ದಾದರೂ ವಿಷ ಇಳಿಸುವ ಶಕ್ತಿ ಅದಕ್ಕಿಲ್ಲ. ನೆನೆದ ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸಾಗಿಸಿ. ವಿಷದ ಡಬ್ಬವನ್ನೂ ಜೊತೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿಯದೆ ಡಾಕ್ಟರು ಸರಿಯಾದ ಮದ್ದು ಕೊಡಲಾರರು. ಬಲವಂತವಾಗಿ ವಾಂತಿ ಮಾಡಿಸಬೇಡಿ.

ಆದರೆ ಇನ್ನೊಂದು ಬಗೆಯ ವಿಷವಿದೆ. ಅದು ಅಂದೇ ಕೆಡವುವುದಿಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಸೇರುತ್ತದೆ. ಅದರ ಕಥೆ ತಿಳಿಯಬೇಕಾದರೆ ನಮ್ಮ ಹಾಗೆಯೇ ಗಡಿಯಲ್ಲಿರುವ, ಮನೆಯಲ್ಲಿ ಕನ್ನಡ ಮಾತಾಡಿ ಕಚೇರಿಯಲ್ಲಿ ಬೇರೆ ಭಾಷೆಯ ಅರ್ಜಿ ಕೊಡುವ ಇನ್ನೊಂದು ಸೀಮೆಯ ಕಡೆ ನೋಡಬೇಕು.

ಕಾಸರಗೋಡಿನ ಗೇರು ತೋಟಗಳು

1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಗುಡ್ಡಗಳಲ್ಲಿ ಕೇರಳ ಸರ್ಕಾರದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಒಟ್ಟು ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಗೇರುಹೂವಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ತೋಟ, ಕೆಳಗಿನ ಕಣಿವೆಯಲ್ಲಿ ಮನೆ, ಬಾವಿ, ತೋಡು, ಶಾಲೆ. ಮೇಲೆ ಸುರಿದದ್ದು ಕೆಳಗೆ ಇಳಿಯದೆ ಎಲ್ಲಿಗೆ ಹೋಗುತ್ತದೆ? ಬಾವಿಗೆ ಮುಚ್ಚಳ ಹಾಕಿಕೊಳ್ಳಿ ಎಂದು ಜನರಿಗೆ ಹೇಳಿದರು. ಆಕಾಶದಿಂದ ಸುರಿಯುವವರು ಇವರು, ಮುಚ್ಚಿಕೊಳ್ಳಬೇಕಾದವರು ಜನ!

ಮೊದಲು ಸೂಚನೆ ಕೊಟ್ಟವು ದನಗಳು. ಕೈಕಾಲು ಸೊಟ್ಟಗಿನ ಕರುಗಳು ಹುಟ್ಟುತ್ತಿವೆ ಎಂದು ಅದೇ ಸೀಮೆಯ ಪತ್ರಕರ್ತ ಶ್ರೀಪಡ್ರೆಯವರು 1979ರ ಸುಮಾರಿಗೇ ಬರೆದರು. ಯಾರೂ ಕಿವಿಗೊಡಲಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನಕುಮಾರ್ ಅವರು ಸಣ್ಣ ಊರೊಂದರಲ್ಲಿ ಇಷ್ಟು ಬುದ್ಧಿಮಾಂದ್ಯ ಮಕ್ಕಳು, ಇಷ್ಟು ಅಪಸ್ಮಾರ, ಇಷ್ಟು ಕ್ಯಾನ್ಸರ್ ಏಕೆ ಎಂದು ಕೇಳತೊಡಗಿದರು. ಕೃಷಿ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಹೆಣ್ಣುಮಗಳು ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ಸಿಂಪಡಣೆಗೆ ತಡೆ ತಂದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಸಿಂಪಡಣೆ ನಿಂತ ಮೇಲೂ ಆ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಜನರಿಗೂ ಕರ್ನಾಟಕದ ಗೇರು ನಿಗಮದ ತೋಟಗಳಿಂದ ಇದೇ ಗತಿಯಾಯಿತು.

ಎಂಡೋಸಲ್ಫಾನೇ ಈ ಎಲ್ಲ ಕಾಯಿಲೆಗಳಿಗೆ ಕಾರಣವೆಂದು ಪೂರ್ತಿ ಸಾಬೀತಾಗಿಲ್ಲ ಎನ್ನುವ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ವಿಷ ನಿರಪರಾಧಿ ಎಂದು ವಿಷ ಸುರಿಯುವವನು ಮೊದಲು ತೋರಿಸಲಿ. ಕೂಲಿಯವನ ಮಗುವಿನ ಮೈಮೇಲೆ ಇಪ್ಪತ್ತು ವರ್ಷ ಪ್ರಯೋಗ ನಡೆಸಿ, ಕೊನೆಗೆ ಆ ಮಗುವಿನ ತಾಯಿಯನ್ನೇ ಸಾಕ್ಷಿ ತಾ ಎಂದು ಕೇಳುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಈ ವಿಷವನ್ನು ಲೋಕದಿಂದಲೇ ತೆಗೆಯಬೇಕಾದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. 2017ರ ಜನವರಿ 10ರಂದು, ನೊಂದವರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. ಐದು ವರ್ಷ ಕಳೆದು 2022ರ ಮೇ ತಿಂಗಳು ಬಂದಾಗ ನೋಡಿದರೆ, ಕೋರ್ಟಿನ ಬಾಗಿಲು ಮತ್ತೆ ತಟ್ಟಿದ 8 ಮಂದಿಗೆ ಮಾತ್ರ ಹಣ ಸಂದಿತ್ತು. ಕೋರ್ಟು ಸರ್ಕಾರಕ್ಕೆ ಛೀಮಾರಿ ಹಾಕಬೇಕಾಯಿತು. ಪರಿಹಾರವನ್ನು ನಂಬಿ ಅಪಾಯಕ್ಕೆ ಮೈಯೊಡ್ಡುವವರು ಇದನ್ನು ನೋಡಿ ತಿಳಿಯಬೇಕು. ಕೆಟ್ಟುಹೋದ ಮೈಗೆ ಹಣ ಬರುವುದು ತಡವಾಗಿ. ಬಂದರೂ ಮೈ ಬರುವುದಿಲ್ಲ.

"ಆಳು ಜಾಗ್ರತೆ ವಹಿಸಲಿಲ್ಲ"

ಎಲ್ಲಿ ಅನಾಹುತವಾದರೂ ಮೊದಲು ಕೇಳುವ ಮಾತು ಇದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಹೊರಟು ಸಾವಿರಾರು ಜನ ಸತ್ತರು. ಅನಿಲವನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡುವ ಗೋಪುರ ದುರಸ್ತಿಯಲ್ಲಿತ್ತು. ಆದರೂ ಯೂನಿಯನ್ ಕಾರ್ಬೈಡ್ ಕಂಪನಿ ಹೇಳಿದ್ದೇನು? ಯಾರೋ ಸಿಟ್ಟಿನ ಕಾರ್ಮಿಕನೊಬ್ಬ ಬೇಕೆಂದೇ ಮಾಡಿದನೆಂದು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ವಿಷ ಹೊಡೆಯುತ್ತಾ 20ಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆಗಲೂ ಮುಖವಾಡ, ಕೈಗವಸು ತೊಡದ್ದೇ ತಪ್ಪೆಂಬ ಮಾತು ಎದ್ದಿತು. ಆ ಘೋರ ವಿಷವನ್ನು ಅಂಗಡಿಯಲ್ಲಿ ಮಾರಿದ್ದು ತಪ್ಪಲ್ಲವೇ? ಆಳೆತ್ತರಕ್ಕೂ ಮೀರಿ ಬೆಳೆದ ಹತ್ತಿಯೊಳಗೆ ಮನುಷ್ಯನನ್ನು ನುಗ್ಗಿಸಿದ್ದು ತಪ್ಪಲ್ಲವೇ?

ಮುಖವಾಡ ಬೇಡವೆಂದು ನಾವು ಹೇಳುತ್ತಿಲ್ಲ. ಕೊಟ್ಟರೆ ತೊಡಿ. ಆದರೆ 40 ಡಿಗ್ರಿ ಬಿಸಿಲಿನಲ್ಲಿ ರಬ್ಬರಿನ ಕೋಟು, ಬೂಟು, ಮುಖವಾಡ ತೊಟ್ಟು ಹದಿನಾರು ಲೀಟರಿನ ಪಂಪು ಹೊತ್ತು ಸಾಯಂಕಾಲದವರೆಗೆ ನಡೆಯುವುದು ಯಾರಿಂದ ಸಾಧ್ಯ? ಆ ಮಾತು ಹೇಳುವವರು ಒಂದು ಗಂಟೆ ತೊಟ್ಟು ನಡೆಯಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಒಪ್ಪಿ ಆಮೇಲೆ ತಿದ್ದಿದ ನೀತಿಸಂಹಿತೆಯಲ್ಲಿ ಒಂದು ವಿವೇಕದ ಮಾತಿದೆ. ಸೆಖೆಯ ದೇಶಗಳಲ್ಲಿ ತೊಡಲು ಕಷ್ಟವಾದ, ದುಬಾರಿಯಾದ, ಸುಲಭವಾಗಿ ಸಿಗದ ರಕ್ಷಣೆಯ ಉಡುಪು ಬೇಕಾಗುವಂಥ ವಿಷವನ್ನೇ ಬಳಸಬಾರದು ಎಂಬುದು ಅದರ ಸಾರ. ಉಡುಪು ತೊಡಲಾಗದಿದ್ದರೆ ತಪ್ಪು ವಿಷದ್ದೇ ಹೊರತು ಆಳಿನದಲ್ಲ.

ಹಿಡಿತಕ್ಕೆ ತರುವ ಕ್ರಮ

ಅಪಾಯವನ್ನು ಹಿಡಿತಕ್ಕೆ ತರಲು ಐದು ಮೆಟ್ಟಿಲುಗಳಿವೆ. ಮೇಲಿನಿಂದ ಕೆಳಕ್ಕೆ ಬರಬೇಕು.

ಮೊದಲನೆಯದು, ಅಪಾಯವನ್ನೇ ತೆಗೆದುಬಿಡುವುದು. ವಿಷವಿಲ್ಲದೆ ಆಗುತ್ತದೆಯೇ ಎಂದು ಕೇಳುವುದು. ನಮ್ಮ ಕಡಲೆಕಾಯಿಗೆ ಬೀಳುವ ಕಂಬಳಿಹುಳದ ಪತಂಗಗಳು ಮೊದಲ ಮಳೆಯ ನಂತರ ರಾತ್ರಿ ಹೊರಡುತ್ತವೆ. ಊರಿನವರೆಲ್ಲ ಸೇರಿ ಹೊಲದ ಬದಿಯಲ್ಲಿ ಬೆಂಕಿ ಹಾಕಿದರೆ, ದೀಪ ಇಟ್ಟರೆ ಬಂದು ಬೀಳುತ್ತವೆ. ಸುತ್ತ ಕಾಲುವೆ ತೋಡಿದರೆ ಹುಳ ದಾಟುವುದಿಲ್ಲ. ಹಳೆಯ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯ ಪುನುಕುಲ ಎಂಬ ಹಳ್ಳಿಯವರು, ಹತ್ತಿಗೆ ವಿಷ ಹೊಡೆದು ಸಾಲ ಸಾವುಗಳನ್ನು ಕಂಡವರು, 2000ದ ದಶಕದ ಆರಂಭದಲ್ಲಿ ವಿಷವನ್ನು ಪೂರ್ತಿ ಬಿಟ್ಟರು. ಎರಡನೆಯದು, ಬಿಡಲಾಗದಿದ್ದರೆ ಕೆಂಪು ಹಳದಿ ತ್ರಿಕೋನದ್ದನ್ನು ಬಿಟ್ಟು ಕಡಿಮೆ ವಿಷದ್ದನ್ನು ತರುವುದು. ಮೂರನೆಯದು, ವಿಷಕ್ಕೂ ಮೈಗೂ ನಡುವೆ ಅಡ್ಡ ಇಡುವುದು: ಸೋರದ ಪಂಪು, ಅಳೆಯುವ ಪಾತ್ರೆ, ಕಲಸುವ ಕೋಲು, ಬೀಗ ಹಾಕಿದ ಕೋಣೆ. ನಾಲ್ಕನೆಯದು, ಕೆಲಸದ ಕ್ರಮ: ಗಾಳಿ ನೋಡಿ ಹೊತ್ತು ನೋಡಿ ಹೊಡೆಯುವುದು, ಹೊಡೆದ ಸಾಲಿಗೆ ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಯಾರನ್ನೂ ಬಿಡದಿರುವುದು, ತೋಟದಲ್ಲೇ ಸೋಪು ನೀರು ಇಡುವುದು, ಒಬ್ಬನನ್ನೇ ದಿನವೂ ಪಂಪಿಗೆ ಹಾಕದಿರುವುದು. ಐದನೆಯದು, ಕೊಟ್ಟಕೊನೆಯದು, ಕೈಗವಸು ಮುಖವಾಡ.

ನಮ್ಮ ಮಾಲೀಕರು ಈ ಏಣಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ್ದಾರೆ. ಐದನೆಯದರಿಂದ ಶುರು, ಅಲ್ಲಿಯೇ ಮುಗಿತು. ಅದೂ ಒಂದು ಹರಕು ಟವಲಿನಲ್ಲಿ!

ಬೆಳೆ ಹೋದರೆ ನಿಮಗೂ ಕೂಲಿ ಇಲ್ಲವಲ್ಲ ಎಂದು ಅವರು ಕೇಳುತ್ತಾರೆ. ನಿಜ, ಬೋರು ಬತ್ತಿ ಸಾಲ ಏರಿದ ಸಣ್ಣ ರೈತನ ಕಷ್ಟ ನಮಗೆ ತಿಳಿಯದ್ದಲ್ಲ. ಅನೇಕ ಸಲ ಅವನೇ ಪಂಪು ಹೊರುತ್ತಾನೆ. ಆದರೆ ಗಾಳಿ ನೋಡಲು ಖರ್ಚಿಲ್ಲ. ಒಂದು ಕೋಲಿಗೆ, ಒಂದು ಸೋಪಿಗೆ, ಪಂಪಿನ ವಾಷರಿಗೆ ಎಷ್ಟಾದೀತು? ಹೊಡೆದ ಸಾಲು ಬಿಟ್ಟು ಬೇರೆ ಸಾಲಿನಲ್ಲಿ ಕಳೆ ಕೀಳಿಸಿದರೆ ಏನು ನಷ್ಟ?

ನಮ್ಮವರೊಳಗೂ ಒಂದು ಮಾತು ಆಡಬೇಕಾಗಿದೆ. ಪಂಪು ಹಿಡಿದವನಿಗೆ ಹೆಚ್ಚು ಕೂಲಿ ಎಂದರೆ ಮುಂದೆ ನುಗ್ಗುತ್ತೇವೆ; "ನನಗೇನೂ ಆಗಲ್ಲ ಬಿಡಣ್ಣ" ಎಂದು ಎದೆ ತಟ್ಟುತ್ತೇವೆ. ಆ ಹೆಚ್ಚಿನ ಹಣ ಕೆಲಸದ ಕೂಲಿಯಲ್ಲ, ಮೈಯ ಬೆಲೆ. ಮೈಯನ್ನು ಚೂರು ಚೂರಾಗಿ ಮಾರಿದ ಹಣದಿಂದ ಮನೆ ನಿಲ್ಲುವುದಿಲ್ಲ. ಇನ್ನು ಕೆಲವರು ಹಣೆಬರಹ ಎನ್ನುತ್ತಾರೆ, ದೇವರ ಚಿತ್ತ ಎನ್ನುತ್ತಾರೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆಗೆದು ಓದಿರಿ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನದು ಎಂದು ಅಲ್ಲಿ ವಿಧಿಸಿದೆ. ಬಿದ್ದವನು ಎಚ್ಚರದಿಂದ ನಡೆಯಬೇಕಿತ್ತು ಎಂದು ಅಲ್ಲಿ ಹೇಳಿಲ್ಲ. ವಿಮೋಚನಕಾಂಡದ 21ರಲ್ಲಿ, ಹಾಯುವ ಎತ್ತೆಂದು ತಿಳಿದೂ ಕಟ್ಟದೆ ಬಿಟ್ಟವನೇ ಅಪರಾಧಿ. ತಿಳಿದೂ ಕಟ್ಟದವನ ತಪ್ಪನ್ನು ದೇವರ ಮೇಲೆ ಹಾಕುವುದು ಭಕ್ತಿಯಲ್ಲ.

ಕಾನೂನು ಏನನ್ನುತ್ತದೆ

ಟೀ, ಕಾಫಿ, ರಬ್ಬರು, ಏಲಕ್ಕಿ ತೋಟಗಳಿಗಾಗಿ 1951ರ ತೋಟ ಕಾರ್ಮಿಕರ ಕಾಯ್ದೆ ಇತ್ತು. ಅದಕ್ಕೆ 2010ರಲ್ಲಿ ಸುರಕ್ಷತೆಯ ಅಧ್ಯಾಯವೊಂದು ಸೇರಿತು. ವಿಷ ಮುಟ್ಟುವ ಪ್ರತಿ ಕಾರ್ಮಿಕನಿಗೂ ಅಪಾಯ ತಿಳಿಸಿ ತರಬೇತಿ ಕೊಡಬೇಕು, ಕಾಲಕಾಲಕ್ಕೆ ವೈದ್ಯ ತಪಾಸಣೆ ಮಾಡಿಸಬೇಕು, ಅದರ ದಾಖಲೆ ಇಡಬೇಕು, ಕೇಳಿದರೆ ತೋರಿಸಬೇಕು ಎಂದು. 2025ರ ನವೆಂಬರ್ 21ರಂದು ಆ ಕಾಯ್ದೆ ಹೋಗಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. ತೋಟಗಳ ಮಟ್ಟಿಗೆ ಈ ಹೊಣೆಗಳು ಅದರಲ್ಲಿಯೂ ಇವೆ. ಅಪಾಯ ಕಂಡರೆ ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕು ಕಾರ್ಮಿಕನಿಗಿದೆ. ಆದರೆ ಇನ್‌ಸ್ಪೆಕ್ಟರಿನ ಹೆಸರಿಗೆ ಈಗ 'ಅನುಕೂಲ ಮಾಡಿಕೊಡುವವನು' ಎಂಬ ಬಾಲ ಅಂಟಿಸಿದ್ದಾರೆ. ಯಾರಿಗೆ ಅನುಕೂಲ ಎಂಬುದನ್ನು ನಾವು ಕಾದು ನೋಡದೆ ಕೇಳಿ ತಿಳಿಯಬೇಕು.

ಕೆಲವೇ ಎಕರೆಯ ಚೀನಿಕಾಯಿ ತೋಟ ಈ ಸಂಹಿತೆಯ ಬಲೆಗೆ ಬೀಳುವುದಿಲ್ಲ. ಅಲ್ಲಿ ದುಡಿಯುವ ನಮ್ಮ ಜನಕ್ಕೆ ಒಗ್ಗಟ್ಟೊಂದೇ ಕಾನೂನು. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸುರಕ್ಷಿತ ಕೆಲಸವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿದೆ. ಆದರೆ ಹಕ್ಕು ಜಿನೀವಾದಿಂದ ಕಲ್ಯಾಣದುರ್ಗಕ್ಕೆ ತಾನಾಗಿ ನಡೆದು ಬರುವುದಿಲ್ಲ.

ಆದ್ದರಿಂದ ಮುಂದಿನ ಸಲ ಪಂಪು ಹೊರುವ ಮೊದಲು, ಒಬ್ಬೊಬ್ಬರಾಗಿ ಅಲ್ಲ, ಗಂಡಸರು ಹೆಂಗಸರು ಎಲ್ಲರೂ ಸೇರಿ ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ವಿಷ, ತ್ರಿಕೋನ ಯಾವ ಬಣ್ಣ? ಇದಿಲ್ಲದೆ ಆಗುವುದಿಲ್ಲವೇ? ಪಂಪು ಸೋರುತ್ತದೆಯೇ, ಸೋಪು ನೀರು ಎಲ್ಲಿದೆ? ಹೊಡೆದ ಸಾಲಿಗೆ ಎಷ್ಟು ದಿನ ಹೋಗಬಾರದು? ಉತ್ತರ ಬರುವವರೆಗೆ ಪಂಪು ನೆಲದ ಮೇಲೇ ಇರಲಿ. ಒಬ್ಬ ಕೇಳಿದರೆ ಅವನನ್ನು ಮನೆಗೆ ಕಳಿಸುತ್ತಾರೆ. ಇಪ್ಪತ್ತು ಮಂದಿ ಕೇಳಿದರೆ ಉತ್ತರ ಕೊಡುತ್ತಾರೆ. ಬಸುರಿಯರನ್ನು, ಹಾಲೂಡಿಸುವ ತಾಯಂದಿರನ್ನು, ಮಕ್ಕಳನ್ನು ವಿಷದ ಹತ್ತಿರ ಬಿಡುವುದಿಲ್ಲವೆಂದು ಪ್ರತಿ ಓಣಿಯಲ್ಲಿ ಕೂತು ತೀರ್ಮಾನಿಸಿ. ರೇಷ್ಮೆಹುಳಕ್ಕೆ ಕೊಡುವಷ್ಟು ದಿನ ನಮಗೂ ಕೊಡಿ ಎಂದು ಕೇಳುವುದು ಅತಿಯಾಸೆಯಲ್ಲ.